ತಾಟಿನ ಮೇಲೊಂದು ಅಂಗೈ

ನಮ್ಮ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ ಬಂತೆಂದರೆ ಅದು ರವಿವಾರ. ಇವತ್ತು ಬೆಳಿಗ್ಗೆ ನಾನು ಹಾಲಿನ ಪಾಕೀಟು ಒಳಗೆ ತರುವಷ್ಟರಲ್ಲಿ ಅತ್ತೆ ಬಾಣಲೆ ಇಟ್ಟಾಗಿತ್ತು. ಹುರಿದ ಶೇಂಗಾ ಆರಿದ ಮೇಲೆ ಅವರು ಅದನ್ನು ಮೊರಕ್ಕೆ ಹಾಕಿಕೊಂಡು ಬಾಲ್ಕನಿಯಲ್ಲಿ ಕೇರುತ್ತಾರೆ. ಕೆಂಪು ಸಿಪ್ಪೆ ಹಾರಿ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗಳ ಮೇಲೆ ಹೋಗಿ ಕೂರುತ್ತದೆ. ಕ್ಷಮೆ ಕೇಳಲು ಕೆಳಗಿಳಿಯುವವಳು ನಾನು. ಮೇಲೆ ಬರುವಾಗ ಕೈಯಲ್ಲಿ ಆ ಮನೆಯ ಸೊಸೆ ಮಾರುವ ನೈಟಿಯೊಂದು ಇರುತ್ತದೆ. ನನ್ನ ಕಪಾಟಿನಲ್ಲಿ ಅಂಥ ನೈಟಿಗಳ ಗಂಟೇ ಇದೆ. ಬೇಡ ಎನ್ನಲು ನನಗೆ ಬರುವುದಿಲ್ಲ, ಏನು ಮಾಡಲಿ ಹೇಳಿ.

ತಪ್ಪನ್ನು ಬೆಳಗಾವಿಯ ನಮ್ಮ ಕಾನ್ವೆಂಟಿನ ಮೇಲೆ ಹಾಕುವುದು ನನಗೆ ಅಭ್ಯಾಸವಾಗಿದೆ. ಅಲ್ಲಿ ಸಿಸ್ಟರುಗಳು ಬೇಡ ಎನ್ನುವುದನ್ನು ಎಷ್ಟು ಚೆಂದವಾಗಿ ಹೇಳಬೇಕೆಂದು ಕಲಿಸಿದ್ದರು. ಕತ್ತು ಸ್ವಲ್ಪ ಬಾಗಿಸಿ, ಮುಗುಳುನಕ್ಕು, ‘ನೋ, ಥ್ಯಾಂಕ್ ಯೂ, ಸಿಸ್ಟರ್’. ಆದರೆ ತಟ್ಟೆಯಲ್ಲಿ ಒಂದು ಅಗುಳೂ ಬಿಡುವಂತಿರಲಿಲ್ಲ. ವಾಕ್ಯ ಕಲಿಸಿದರು, ಬಳಸಲು ಬಿಡಲಿಲ್ಲ. ಆಮೇಲೆ ಮದುವೆಯಾಗಿ ಪುಣೆಗೆ, ಕೊಂಢವಾ ಬಡಾವಣೆಯ ಈ ಮನೆಗೆ ಬಂದೆ. ಇಲ್ಲಿದ್ದರು ನಮ್ಮ ಅತ್ತೆ.

ಅತ್ತೆ ಬಾಗಲಕೋಟೆ ಕಡೆಯವರು. ನೀವು ಆ ಕಡೆ ಉಂಡಿದ್ದರೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಸಾಕು ಅಂದರೆ ಇನ್ನೆರಡು ಬಡಿಸಿ ಎಂದರ್ಥ. ನಿಜವಾಗಿ ಸಾಕಾದವನು ತಾಟಿನ ಮೇಲೆ ಅಂಗೈ ಅಗಲಿಸಿ ಹಿಡಿಯಬೇಕು. ಅತ್ತೆ ಬೆರಳ ಸಂದಿಯಿಂದಲೂ ತುಪ್ಪ ಬಿಡುವ ಪೈಕಿ. ಮದುವೆಯ ಹೊಸತರಲ್ಲಿ ನಾನು ಕತ್ತು ಬಾಗಿಸಿ ಮುಗುಳುನಕ್ಕಾಗ, ‘ನಮ್ಮ ಕಾನ್ವೆಂಟ್ ಬಾಯಾರು ನಕ್ಕರು, ಇನ್ನೊಂದು ಹಾಕ್ರಿ’ ಎಂದು ನೆಂಟರ ಎದುರಿಗೇ ಹೇಳಿದ್ದರು. ಬಾಯಾರು, ಅಂದರೆ ಟೀಚರಮ್ಮ ಎಂಬ ಆ ಹೆಸರು ಇವತ್ತಿಗೂ ಹೋಗಿಲ್ಲ.

ಇವತ್ತಿನ ಶೇಂಗಾ ಹೋಳಿಗೆ ನಾಗಮ್ಮನಿಗಾಗಿ. ಅದು ಅವಳ ನಿಜವಾದ ಹೆಸರಲ್ಲ. ಅವಳ ಹೆಸರನ್ನು ಬರೆಯುವ ಹಕ್ಕು ನನಗಿಲ್ಲವಾದ್ದರಿಂದ ನಾನೂ ಅವಳೂ ಇದನ್ನು ಒಪ್ಪಿಕೊಂಡೆವು ಅಂತಿಟ್ಟುಕೊಳ್ಳಿ.

ಯೆರವಡಾ ದಾಟಿ ಒಂದು ಸಂಸ್ಥೆಯಿದೆ. ಮಾರಾಟವಾಗಿ, ಬಿಡುಗಡೆಯಾಗಿ ಬಂದ ಹೆಣ್ಣುಮಕ್ಕಳು ಅಲ್ಲಿರುತ್ತಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಕನ್ನಡ ಬಿಟ್ಟರೆ ಬೇರೇನೂ ಬಾರದ ಹುಡುಗಿಯೊಬ್ಬಳು ಬಂದಳು. ಸಂಸ್ಥೆ ನೋಡಿಕೊಳ್ಳುವ ಸುಲಭಾ ಮೇಡಂ ಯಾರ ಯಾರನ್ನೋ ವಿಚಾರಿಸಿ ನನಗೆ ಫೋನು ಮಾಡಿದರು. ಬಂದು ಸ್ವಲ್ಪ ಮಾತಾಡಿಸುತ್ತೀರಾ ಎಂದರು. ನಾನು ಬೇಡ ಎನ್ನಲಾರದ್ದು ಒಳ್ಳೆಯದೇ ಆದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಹೋದೆ. ಗೋಡೆಗೆ ಬೆನ್ನು ತಾಗಿಸಿ ಕೂತಿದ್ದಳು. ಯಾದಗಿರಿ ಕಡೆಯವಳು, ಹತ್ತೊಂಬತ್ತರ ಆಸುಪಾಸು. ತಲೆಗೆ ಎಣ್ಣೆ ಹಚ್ಚಿ ಎಷ್ಟು ಬಿಗಿಯಾಗಿ ಹೆಣೆದುಕೊಂಡಿದ್ದಳೆಂದರೆ ಹುಬ್ಬು ಮೇಲೆದ್ದಂತೆ ಕಾಣುತ್ತಿತ್ತು.

‘ಚಹಾ ಕುಡೀತೀಯಾ?’ ಎಂದೆ.

‘ಹೂಂ ರೀ.’

‘ಇಲ್ಲಾ, ಹಾಲು ತರಿಸ್ಲಾ?’

‘ಹೂಂ ರೀ.’

‘ಎರಡರಾಗ ಯಾವುದು?’

‘ಹೂಂ ರೀ.’

ನನ್ನ ಕನ್ನಡ ತೀರಾ ಪುಸ್ತಕದ್ದಿರಬೇಕು ಅಂದುಕೊಂಡೆ. ಹಾಗಲ್ಲವೆಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು. ತಂದೆ ತಾಯಿ ಇಲ್ಲದ ಅವಳು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಮಾವನ ಗುರುತಿನ ಹೆಂಗಸೊಬ್ಬಳು, ಚಾಕಣದ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಕರೆತಂದಳು. ಕರೆತಂದದ್ದು ಕಾರ್ಖಾನೆಗಲ್ಲ, ಒಂದು ಮನೆಗೆ. ಅಲ್ಲಿಯ ಮಾತನ್ನು ಅವಳು ನನಗೆ ಹೇಳಿಲ್ಲ, ನಾನು ಕೇಳಿಲ್ಲ. ಆ ಮನೆಯಲ್ಲಿ ಒಲ್ಲೆ ಅಂದವರಿಗೆ ಏನಾಗುತ್ತಿತ್ತು ಎಂಬುದು ಅವಳ ‘ಹೂಂ ರೀ’ಯಲ್ಲೇ ಇತ್ತು.

ಕೆಲವು ತಿಂಗಳ ಮೇಲೆ, ರವಿವಾರ ಸಂಸ್ಥೆಯ ಒಬ್ಬಾಕೆಯ ಜೊತೆ ನಮ್ಮ ಮನೆಗೆ ಬರಲು ಅವಳಿಗೆ ಅನುಮತಿ ಸಿಕ್ಕಿತು. ಮೊದಲ ರವಿವಾರ ಶೇಂಗಾ ಹೋಳಿಗೆ. ಅತ್ತೆ ಬಡಿಸಿದರು, ನಾಗಮ್ಮ ಉಂಡಳು. ಮತ್ತೆ ಬಡಿಸಿದರು, ಮತ್ತೆ ಉಂಡಳು. ತಾಟು ಖಾಲಿಯಾದಂತೆಲ್ಲ ಅತ್ತೆಯ ಮುಖ ಅರಳುತ್ತಾ ಹೋಯಿತು. ‘ಇದಕ್ಕಂತಾರ ಉಣ್ಣೂದು. ನಮ್ಮ ಕಾನ್ವೆಂಟೂ ಇದ್ದಾಳ, ಗುಬ್ಬಿ ಕುಕ್ಕಿದಂಗ ಕುಕ್ಕತಾಳ’ ಎಂದರು. ಸ್ವಲ್ಪ ಹೊತ್ತಿಗೆ ನಾಗಮ್ಮ ಎದ್ದು ಬಚ್ಚಲಿಗೆ ಹೋದಳು. ಉಂಡದ್ದೆಲ್ಲ ಹೊರಗೆ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಬಂದವಳು ಮತ್ತೆ ತಾಟಿನ ಮುಂದೆಯೇ ಕೂತಳು, ಇನ್ನೂ ಬಡಿಸುವುದಿದೆಯೇನೋ ಎಂಬಂತೆ.

ಸಂಜೆ ಫೋನಿನಲ್ಲಿ ಸುಲಭಾ ಮೇಡಂ ಮರಾಠಿಯಲ್ಲಿ ಹೇಳಿದರು, ‘ಅವಳಿಗೆ ಸಾಕು ಅನ್ನೋದು ಬರೋದಿಲ್ಲ. ಅನ್ನಬಹುದು ಅಂತಲೇ ಗೊತ್ತಿಲ್ಲ. ನಮ್ಮಲ್ಲಿ ಹೊಲಿಗೆ, ಮರಾಠಿ, ಬೇಕರಿ ಕೆಲಸ ಎಲ್ಲಾ ಕಲಿಸ್ತೀವಿ. ಇದನ್ನ ಕಲಿಸೋದೇ ಕಷ್ಟ.’

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಮುಂದಿನ ರವಿವಾರ ಅವರು ನಾಗಮ್ಮನ ಎದುರಿಗೆ ಕೂತು, ಕೈಯಲ್ಲಿ ಹೋಳಿಗೆ ಹಿಡಿದು ಪಾಠಕ್ಕೆ ತೊಡಗಿದರು.

‘ಒಲ್ಲೆ ಅನ್ನವಾ.’

‘ಹೂಂ ರೀ.’

‘ಹೂಂ ಅಲ್ಲವಾ. ಒಲ್ಲೆ.’

‘ಒಲ್ಲೆ ರೀ.’

ಅತ್ತೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನಾಗಮ್ಮನೂ ನೋಡಿದಳು, ಸರಿಯಾಗಿ ಅಂದೆನೇ ಎಂದು ಕೇಳುವಂತೆ. ಹೇಳಿಸಿಕೊಂಡು ಅಂದ ಒಲ್ಲೆಯೂ ಹೂಂ ಎನ್ನುವುದರ ಇನ್ನೊಂದು ಬಗೆಯೇ ಅಂತ ನನಗನ್ನಿಸಿತು. ಅತ್ತೆಗೂ ಅನ್ನಿಸಿರಬೇಕು. ಹೋಳಿಗೆಯನ್ನು ಡಬ್ಬಿಗೆ ಹಾಕಿ ಎದ್ದುಬಿಟ್ಟರು.

ಆಮೇಲೆ ಅವರು ಮಾಡಿದ್ದೇ ಬೇರೆ. ಮರುವಾರ ರೊಟ್ಟಿಯ ಬುಟ್ಟಿಯನ್ನು ನಾಗಮ್ಮನ ಕೈಗೆ ಕೊಟ್ಟು, ‘ಇವತ್ತ ನೀ ಬಡಸು’ ಎಂದು ತಾವೇ ತಾಟಿನ ಮುಂದೆ ಕೂತರು. ಅವಳು ರೊಟ್ಟಿ ತಂದಳು. ಅತ್ತೆ ತಾಟಿನ ಮೇಲೆ ಅಂಗೈ ಅಗಲಿಸಿ ‘ಒಲ್ಲೆ’ ಅಂದರು. ನಾಗಮ್ಮ ಬೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ರೊಟ್ಟಿ ಕಚ್ಚಾ ಇದೆಯೇನೋ ಎಂದು ತಿರುವಿ ಮುರುವಿ ನೋಡಿದಳು.

‘ರೊಟ್ಟಿ ಚಲೋ ಅದ. ನೀನೂ ಚಲೋ ಅದೀ. ನಂಗ ಬ್ಯಾಡಾಗ್ಯದ, ಅಷ್ಟ’ ಎಂದರು ಅತ್ತೆ. ನಾನೂ ಅಂಗೈ ಅಡ್ಡ ಹಿಡಿದೆ. ನನ್ನ ಯಜಮಾನರಿಗೆ ಇನ್ನೂ ಹಸಿವಿತ್ತು, ಆದರೆ ಅತ್ತೆಯ ಕಣ್ಣು ನೋಡಿ ಅವರೂ ಹಿಡಿದರು. ಹೀಗೆ ಎಷ್ಟೋ ರವಿವಾರ ನಮ್ಮ ಮನೆಯಲ್ಲಿ ನಾಗಮ್ಮ ಬಡಿಸುವುದು, ನಾವು ಒಲ್ಲೆ ಎನ್ನುವುದು. ನಾಗಮ್ಮ ಹೊರಟುಹೋದ ಮೇಲೆ ಯಜಮಾನರು ಅಡಿಗೆಮನೆಯಲ್ಲಿ ನಿಂತು ಮೊಸರನ್ನ ತಿನ್ನುವುದು. ಒಂದು ರವಿವಾರ ಅತ್ತೆ ಒಲ್ಲೆ ಅಂದಾಗ ನಾಗಮ್ಮ ಹೆದರಲಿಲ್ಲ. ‘ಅಮ್ಮಾರ, ನಿಮಗ ದಿನಾ ಇದ ಆತಲ್ರೀ’ ಎಂದಳು. ಸಣ್ಣಗೆ ನಕ್ಕಳು ಕೂಡ. ಆದರೂ ತನ್ನ ತಾಟಿನ ಮೇಲೆ ಮಾತ್ರ ಅವಳು ಕೈ ಇಟ್ಟಿರಲಿಲ್ಲ.

ಅಷ್ಟರಲ್ಲಿ ನಾಗಮ್ಮನ ಮಾವ ಬಂದ.

ಸೋದರಸೊಸೆಯನ್ನು ಮನೆಗೆ ಕರೆದೊಯ್ಯುತ್ತೇನೆ ಅಂದ. ಅವನ ಕಾಗದಪತ್ರ ಸರಿಯಿದ್ದವು, ವಿಚಾರಣೆಯಲ್ಲಿ ಹಿಡಿಯುವಂಥದ್ದೇನೂ ಸಿಕ್ಕಿರಲಿಲ್ಲ. ಸುಲಭಾ ಮೇಡಂ ನನ್ನನ್ನು ಕರೆಸಿದರು. ‘ಹೊಟೇಲ್ ಕೆಲಸ ನೋಡಿದೀನಿ ಅಂತಾನೆ. ಫೋನಲ್ಲಿ ಸೊಲ್ಲಾಪುರ ಅಂದ, ಇಲ್ಲಿ ಬಂದು ಹೈದರಾಬಾದ್ ಅಂದ. ನನಗೆ ಮನಸ್ಸಿಲ್ಲ. ಆದರೆ ಅವಳು ದೊಡ್ಡವಳು. ಅಧಿಕಾರಿ ಅವಳನ್ನೇ ಕೇಳ್ತಾರೆ. ಅವಳ ಬದಲು ನಾನು ಬೇಡ ಅನ್ನೋ ಹಾಗಿಲ್ಲ. ನೀವೂ ಅಷ್ಟೇ, ಅವಳು ಅಂದದ್ದನ್ನ ಅಂದ ಹಾಗೇ ಹೇಳಬೇಕು’ ಎಂದರು.

ಆಗಲಿ ಎಂದೆ. ಆ ಕೋಣೆಗೆ ಹೋಗುವಾಗ ನನ್ನ ಬಾಯಿ ಒಣಗಿತ್ತು. ಅವಳು ‘ಹೂಂ ರೀ’ ಅಂದರೆ ನಾನು ಅದನ್ನೇ ಮರಾಠಿಗೆ ಹಾಕಬೇಕು. ಅವಳು ಆ ಗೇಟು ದಾಟಿ ಹೋಗುತ್ತಾಳೆ.

ಮೇಜಿನ ಆ ಬದಿಗೆ ಮಹಿಳಾ ಅಧಿಕಾರಿ, ಈ ಬದಿಗೆ ಮಾವ. ಬಿಳಿ ಅಂಗಿ, ಕ್ರಾಪು ಬಾಚಿದ್ದ, ಮುಂದೆ ಒಂದು ಪೇಢೆ ಡಬ್ಬಿ. ಆ ಡಬ್ಬಿಗೆ ಸುತ್ತಿದ ಕೆಂಪು ದಾರವನ್ನು ಅವನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದ. ದನಿ ಮಾತ್ರ ಬೆಣ್ಣೆಯಂಥದು.

‘ನಾಗಿ, ನಡಿಯವಾ ಮನಿಗೆ. ನಿಮ್ಮತ್ತಿ ಹಾದಿ ಕಾಯಾಕತ್ತಾಳ. ಆದದ್ದೆಲ್ಲಾ ಮರತಬಿಡು. ಬರ್ತಿ ಹೌದಲ್ಲ?’

ನಾಗಮ್ಮನ ತುಟಿ ಹೂಂ ಎನ್ನುವ ಆಕಾರಕ್ಕೆ ಬಂದದ್ದನ್ನು ನಾನು ಕಂಡೆ. ದನಿ ಬರಲಿಲ್ಲ. ಅಧಿಕಾರಿ ಮರಾಠಿಯಲ್ಲಿ, ‘ಅವಳಿಗೆ ಹೋಗೋ ಇಚ್ಛೆ ಇದೆಯಾ ಕೇಳಿ’ ಎಂದರು. ನಾನು ಕೇಳಿದೆ. ನನ್ನ ದನಿ ಯಾವ ಕಡೆಗೂ ವಾಲದಂತೆ ಹಿಡಿದುಕೊಂಡು ಕೇಳಿದೆ. ಅವಳು ನೆಲ ನೋಡುತ್ತಿದ್ದಳು.

ಮಾವ ಡಬ್ಬಿ ತೆರೆದು ಅವಳ ಕಡೆ ಸರಿಸಿದ. ‘ಮೊದಲ ಬಾಯಿ ಸೀ ಮಾಡ್ಕೋ. ತಗೋ. ತಗೋ ಅನ್ನಾಕತ್ತೀನಿ.’

ನಾಗಮ್ಮನ ಕೈ ಮಡಿಲಿನಿಂದ ಎದ್ದಿತು. ಪೇಢೆ ತೆಗೆದುಕೊಳ್ಳುತ್ತಾಳೆ ಅಂದುಕೊಂಡು ನಾನು ಕಿಟಕಿಯ ಕಡೆ ನೋಡಿದೆ. ಏನೂ ಕೇಳಿಸದ್ದಕ್ಕೆ ತಿರುಗಿದರೆ, ಆ ಕೈ ಡಬ್ಬಿಯ ಮೇಲೆ ಅಗಲವಾಗಿ ಹರಡಿಕೊಂಡಿತ್ತು. ಐದೂ ಬೆರಳು ಒತ್ತಾಗಿ ಕೂಡಿಸಿದ್ದಳು, ತುಪ್ಪ ಸಹ ಇಳಿಯದ ಹಾಗೆ.

‘ಒಲ್ಲೆ ಮಾಮಾ’ ಎಂದಳು.

‘ಪೇಢೆ ಒಲ್ಲ್ಯಾ?’ ಎಂದು ಅವನು ನಗಲು ನೋಡಿದ.

‘ಪೇಢೇನೂ ಒಲ್ಲೆ. ನಿನ್ನ ಕೂಡ ಬರೂದೂ ಒಲ್ಲೆ.’ ಆಮೇಲೆ ಅಧಿಕಾರಿಯ ಕಡೆ ತಿರುಗಿ, ಸಂಸ್ಥೆಯಲ್ಲಿ ಕಲಿತ ಮರಾಠಿಯಲ್ಲಿ ತಾನೇ ‘ನಕೋ’ ಎಂದಳು. ನನಗೆ ಹೇಳಲು ಏನೂ ಉಳಿಯಲಿಲ್ಲ. ಅವನು ಹೋದ ಮೇಲೂ ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಡಬ್ಬಿ ಇಲ್ಲದ ಬರೀ ಮೇಜಿನ ಮೇಲೆ. ಸುಲಭಾ ಮೇಡಂ ನೀರು ತಂದುಕೊಟ್ಟರು. ಕುಡಿದವಳು ನಾನು.

ಈಗ ಅವಳು ಒಂದು ಬೇಕರಿಯಲ್ಲಿ ಪಾವ್ ಬೇಯಿಸುತ್ತಾಳೆ. ಇನ್ನಿಬ್ಬರು ಹುಡುಗಿಯರ ಜೊತೆ ಕೋಣೆ ಹಿಡಿದಿದ್ದಾಳೆ. ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಇವತ್ತಿಗೂ ಗಂಡಸರು ತುಂಬಿದ ಬಸ್ಸು ಬಂದರೆ ಬಿಟ್ಟು ಇನ್ನೊಂದಕ್ಕೆ ಕಾಯುತ್ತಾಳೆ. ಕಾದು ಇನ್ನೊಂದನ್ನು ಹತ್ತುತ್ತಾಳೆ ಅನ್ನುವುದು ನನಗೆ ಸಮಾಧಾನ.

ಇವತ್ತು ಹೋಳಿಗೆ ಅರ್ಧ ಆಗಿತ್ತು, ಫೋನು ಬಂತು.

‘ಅಕ್ಕಾರ, ಇವತ್ತ ಬರಾಂಗಿಲ್ರೀ.’

‘ಯಾಕವಾ, ಆರಾಮ ಇಲ್ಲೇನು?’

‘ಆರಾಮ ಅದೀನ್ರಿ. ಗೆಳತ್ಯಾರ ಕೂಡ ಸಿನೆಮಾಕ್ಕ ಹೊಂಟೀನಿ.’

‘ಅಮ್ಮಾರು ಹೋಳಿಗಿ ಮಾಡಾಕತ್ತಾರ. ತೆಗೆದಿಡ್ಲಾ?’

‘ಬ್ಯಾಡ್ರೀ. ನೀವ ಉಣ್ರಿ. ಮುಂದಿನ ವಾರ ಜ್ವಾಳದ ಭಕ್ರಿ ಮಾಡಂತ ಹೇಳ್ರಿ ಅಮ್ಮಾರಿಗೆ, ನಂಗ ಸೀ ಭಾಳ ಸೇರಾಂಗಿಲ್ಲ.’

ಇಷ್ಟು ವರ್ಷ ಶೇಂಗಾ ಹೋಳಿಗೆ ತಿನ್ನಿಸಿದ ಮೇಲೆ ಈ ಮಾತು. ಅತ್ತೆಗೆ ಹೇಳಿದೆ. ಲಟ್ಟಣಿಗೆ ನಿಂತಿತು. ‘ಸೀ ಸೇರಾಂಗಿಲ್ಲಂತ? ನನಗ ಹೇಳಬಾರದಿತ್ತೇನು ಮೊದಲ? ಭಾಳ ಕಲತಾಳ’ ಎಂದು ಗೊಣಗಿ ಮತ್ತೆ ಲಟ್ಟಿಸತೊಡಗಿದರು. ಸೆರಗಿನಿಂದ ಮೂಗು ಒರೆಸಿಕೊಂಡರು, ಹಿಟ್ಟು ಹತ್ತಿತು. ಆ ಹಿಟ್ಟಿನ ಕೆಳಗೆ ನಗು ಇತ್ತು.

ಮಧ್ಯಾಹ್ನ ಉಣ್ಣಲು ಕೂತೆವು. ನಾಗಮ್ಮನ ಪಾಲೂ ನಮ್ಮ ಮೇಲೆಯೇ ಬಿತ್ತು. ಮೂರನೆಯ ಹೋಳಿಗೆ ಹಿಡಿದು ಅತ್ತೆ ನನ್ನ ತಾಟಿನ ಮೇಲೆ ಬಾಗಿದರು. ಎಂದಿನಂತೆ ಮುಗುಳುನಗಲು ಹೊರಟವಳು ನಿಲ್ಲಿಸಿದೆ. ಅಂಗೈ ಅಗಲಿಸಿ, ಬೆರಳು ಒತ್ತಾಗಿ ಕೂಡಿಸಿ ತಾಟಿನ ಮೇಲೆ ಇಟ್ಟೆ.

‘ಒಲ್ಲೆ ಅತ್ತಿ.’

ಅವರು ನನ್ನ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಬೆರಳ ಸಂದಿ ಹುಡುಕಲಿಲ್ಲ. ಹೋಳಿಗೆಯನ್ನು ತಮ್ಮ ತಾಟಿಗೆ ಹಾಕಿಕೊಂಡು, ‘ತುಪ್ಪ ಈ ಕಡೆ ಸರಸು’ ಎಂದರು.