ದೊಡ್ಡಪ್ಪನ ಊಹೂಂ

ನಮ್ಮ ದೊಡ್ಡಪ್ಪನಿಗೆ ಊರವರು ಇಟ್ಟ ಹೆಸರು ‘ಹ್ಞೂಂ’. ನಲವತ್ತು ವರ್ಷ ದೋಣಿ ಕಟ್ಟಿದ ಬಡಗಿ. ಏನು ಕೇಳಿದರೂ ಹ್ಞೂಂ, ಮದುವೆ ಮಾಡ್ಕೋತೀಯಾ ಅಂದಾಗಲೂ ಅಷ್ಟೇ ಅಂದಿದ್ದರಂತೆ. ಎಡಗೈಯಲ್ಲೇ ಕೆಲಸ ಮಾಡುವವರು, ಜೊತೆಗೆ ಹೇಳಲಾರದಷ್ಟು ಜಂಬ. ತೂತು ತಪ್ಪಿ ಕೊರೆದರೆ ಹಲಗೆ ಬದಲಿಸುತ್ತಿರಲಿಲ್ಲ. ಮರದ ಬೆಣೆ ಹೊಡೆದು, ಉಳಿದ ತುದಿಯನ್ನು ಉಳಿಯಿಂದ ಓರೆಯಾಗಿ ಹೆರೆದು, ರಾಳ ಬಳಿದು, ಏನೂ ಆಗೇ ಇಲ್ಲವೆಂಬಂತೆ ಕೂತುಬಿಡುತ್ತಿದ್ದರು. ಅಪ್ಪ ಅದನ್ನು ಹುಡುಕಿ ಹಿಡಿಯುತ್ತಿದ್ದ. “ಏನಣ್ಣಾ, ಇಲ್ಲೊಂದು ಇಲಿಬಿಲ ಮುಚ್ಚಿದೀಯ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಪ್ಪ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಅವನ ತಲೆಗೆ ಹತ್ತಿದ ಹುಚ್ಚು ಒಂದೇ: ಜಲಪ್ರಳಯದಲ್ಲಿ ಪ್ರಾಣಿಗಳನ್ನು ಜೋಡಿಜೋಡಿಯಾಗಿ ಹತ್ತಿಸಿಕೊಂಡ ನೋಹನ ನಾವೆ ಹಿಮದ ಬೆಟ್ಟದಲ್ಲಿ ಇನ್ನೂ ಇದೆ, ಹುಡುಕಬೇಕು. ನಮ್ಮ ಚರ್ಚಿನ ಸಭೆಯ ನಾಲ್ವರ ಜೊತೆ ಹೊರಟ. ಒಂಬತ್ತನೆಯ ದಿನ ಹಿಮಗಾಳಿಯಲ್ಲಿ ದಾರಿ ತಪ್ಪಿ ಕಾಣೆಯಾದ. ನಾಲ್ವರು ವಾಪಸು ಬಂದರು.

ನನಗೆ ಅಳು ಬರಲಿಲ್ಲ. ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಅಮ್ಮನಂತೂ ಒಪ್ಪಲೇ ಇಲ್ಲ. ಪಾದ್ರಿಗಳು ಸ್ಮರಣೆಯ ಪ್ರಾರ್ಥನೆ ಇಡೋಣವೇ ಎಂದಾಗಲೆಲ್ಲ, “ಸತ್ತಿದ್ದಕ್ಕೆ ಸಾಕ್ಷಿ ಎಲ್ಲಿ?” ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಯಾರೂ ತೊಡದ ಅವನ ಶರ್ಟುಗಳನ್ನು ವಾರಕ್ಕೊಮ್ಮೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ನಾನು ಮಡಚಿಡುತ್ತಿದ್ದೆ.

ಮರುವರ್ಷ ಆ ನಾಲ್ವರೇ ಮತ್ತೆ ಹತ್ತಿ, ಮಂಜುಗಡ್ಡೆಯ ಬಿರುಕಿನಿಂದ ಒಂದು ಹಲಗೆ ಕಿತ್ತು ತಂದರು. ಮೊಳದುದ್ದ, ಕರ್ರಗೆ. ಭಾನುವಾರ ಸಂಜೆ ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿ ಇಟ್ಟರು. ಕೂರಲು ಜಾಗವಿರಲಿಲ್ಲ.

“ಮರ ಬೆಳೆಯದ ಜಾಗ ಅದು. ಅಲ್ಲಿ ಹಲಗೆ ಎಲ್ಲಿಂದ ಬರ್ಬೇಕು? ಕಬ್ಬಿಣದ ಮೊಳೆ ಇಲ್ಲ, ಮರದ ಬೆಣೆ. ಮೇಲೆ ರಾಳ. ಇನ್ನೇನು ಬೇಕು?” ಎಂದರು ಗುಂಪಿನ ಮುಂದಾಳು. ಅವರು ಗಡಿಯಾರ ರಿಪೇರಿಯವರು.

ವಿಜ್ಞಾನದ ಮೇಷ್ಟ್ರು ಎದ್ದರು. “ಮನುಷ್ಯ ಹೊತ್ಕೊಂಡು ಹೋದ್ರೆ ಬರುತ್ತೆ. ಮೊದಲು ಪ್ರಯೋಗಾಲಯಕ್ಕೆ ಕಳ್ಸಿ. ಮರ ಹಳೇದು ಅಂತ ಗೊತ್ತಾದ್ರೂ ಅದು ನಾವೆದೇ ಅಂತ ಆಗಲ್ಲ.”

“ನಾವೆನೇ ಬಂದು ನಿಮ್ಮ ಬಾಗಿಲು ತಟ್ಟಿದ್ರೂ ಚೀಟಿ ಕೇಳ್ತೀರಿ!” ಎಂದರು ಗಡಿಯಾರದವರು.

“ಕೇಳ್ತೀನಿ ಸ್ವಾಮಿ. ಎರಡು ಆನೆ ಇಳಿದ್ರೆ ಬಿಡ್ತೀನಿ.”

ಜನ ನಕ್ಕರು. ಅಮ್ಮ ನಗಲಿಲ್ಲ. ಹಲಗೆಗೆ ಅಪ್ಪನ ಹೆಸರಿಡುತ್ತೇವೆ ಎಂದು ಪಾದ್ರಿಗಳು ಹೇಳಿದಾಗಲೂ ತಲೆ ಎತ್ತಲಿಲ್ಲ. ಕೊನೆಗೆ ಯಾರೋ, “ಮರದ ವಿಷಯ ಬಡಗೀನ ಕೇಳ್ರಪ್ಪ” ಎಂದರು. ಗಡಿಯಾರದವರು ಹಲಗೆಯನ್ನು ದೊಡ್ಡಪ್ಪನ ಕೈಗಿತ್ತು, “ನೀವೇ ಹೇಳಿ. ನಾವೆದು ತಾನೇ?” ಎಂದು ಕೇಳಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು.

ದೊಡ್ಡಪ್ಪ ಹೆಬ್ಬೆರಳಿನಿಂದ ಸವರುತ್ತ ಬಂದು ಬೆಣೆಯ ಮೇಲೆ ಬೆರಳು ನಿಲ್ಲಿಸಿದರು. ಹೆರೆದ ಓರೆಯನ್ನು ಎರಡು ಸಲ ಮುಟ್ಟಿದರು. ಅಮ್ಮನನ್ನು ನೋಡಿದರು.

“ಊಹೂಂ,” ಎಂದರು.

ಜನ್ಮದಲ್ಲಿ ಅವರ ಬಾಯಿಂದ ನಾನು ಆ ಮಾತು ಕೇಳಿರಲೇ ಇಲ್ಲ.

“ಇದು ನಾವೆದಲ್ಲ. ಒಡೆದ ದೋಣಿ ಹಲಗೆ, ನಾನೇ ಕೊಯ್ದಿದ್ದು. ಚೀಲದ ತಳ ಜೋತು ಬೀಳ್ಬಾರ್ದು ಅಂತ ನನ್ನ ತಮ್ಮನ ಬೆನ್ನುಚೀಲಕ್ಕೆ ಹಾಕಿಕೊಟ್ಟಿದ್ದೆ. ಚೀಲ ಹರಿದು ಹೊರಗೆ ಬಿದ್ದಿದೆ.” ಗಡಿಯಾರದವರ ಕಡೆ ತಿರುಗಿ ಕೇಳಿದರು: “ಆ ಬಿರುಕು ಎಲ್ಲಿದೆ ಅಂತ ಗೊತ್ತಲ್ಲ? ಅಲ್ಲೇ ಅಗೀರಿ. ಅವನೂ ಅಲ್ಲೇ ಇರ್ತಾನೆ.”

ಗಡಿಯಾರದವರು ಕುರ್ಚಿ ಹುಡುಕಿಕೊಂಡು ಕೂತರು. ಮೇಷ್ಟ್ರು ಗೆದ್ದಿದ್ದರು, ಆದರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಮ್ಮ ಎದ್ದು ಬಂದು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. “ನಡೀರಿ ಭಾವ,” ಎಂದಳು.

ಮನೆಯಲ್ಲಿ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಇಸ್ತ್ರಿ ಮಾಡಿದ ಶರ್ಟುಗಳನ್ನೆಲ್ಲ ತಂದು ಪೆಟ್ಟಿಗೆಗೆ ತುಂಬಿದಳು. ನಾನು ಮುಚ್ಚಳ ಹಿಡಿದುಕೊಂಡೆ. ಆಮೇಲೆ ದೊಡ್ಡಪ್ಪನ ಎದುರು ಕೂತಳು.

“ಸಾಕ್ಷಿ ಇದೇನಾ, ಭಾವ?”

“ಹ್ಞೂಂ.”

ಅವಳು ಬೆಣೆಯ ಮೇಲೆ ಬೆರಳಿಟ್ಟಳು. “ಇದನ್ನ ನೋಡಿ ನಕ್ಕಿದ್ರಾ ಅವರು?”

“ಇಲ್ಲಮ್ಮ. ಚೀಲದೊಳಗೆ ಹೊಲಿದುಬಿಟ್ಟಿದ್ದೆ, ಅವನು ನೋಡೇ ಇಲ್ಲ,” ಎಂದರು ದೊಡ್ಡಪ್ಪ. “ವಾಪಸ್ ಬಂದ್ಮೇಲೆ ಬಿಚ್ಚಿ ನೋಡಿ ನಗ್ತಾನೆ ಅಂತ ಕಾಯ್ತಿದ್ದೆ.”