ಮಾಸ್ತರರ ನೇಲ್ ಪಾಲಿಶ್

ಧೂಳು ಒರೆಸಿದೊಡನೆ ಪ್ರತಿ ಸ್ಕ್ರೂ ಮೇಲೂ ಕೆಂಪು ನೇಲ್ ಪಾಲಿಶ್ ಹೊಳೆಯಿತು. ಶಹಾಬಾದದಲ್ಲಿ, ನನಗೆ ಹವ್ಯಾಸಿಗಳ ಹ್ಯಾಮ್ ರೇಡಿಯೊ ಕಲಿಸಿದ ದಿವಂಗತ ಮಾಸ್ತರರ ಮನೆಯಲ್ಲಿ, ನಮ್ಮ ಮಾತನ್ನು ಹಿಡಿದು ಇನ್ನೂ ದೂರಕ್ಕೆ ಕಳಿಸುವ ರಿಪೀಟರಿನ ಡ್ಯುಪ್ಲೆಕ್ಸರ್ ಬದಲಿಸಲು ಹೋಗಿದ್ದೆ. ಒಂದೇ ಆಂಟೆನಾದಲ್ಲಿ ಮಾತು ಕಳಿಸುವುದನ್ನೂ ಕೇಳುವುದನ್ನೂ ಒಟ್ಟಿಗೆ ಸಾಧ್ಯವಾಗಿಸುವ ಪೆಟ್ಟಿಗೆ ಅದು. ಹೊಂದಿಸಿದ ಸ್ಕ್ರೂ ಕದಲದಿರಲೆಂದು ಮಾಸ್ತರರು ಬಣ್ಣ ಹಚ್ಚಿದ್ದರು.

ಟಾರ್ಚ್ ಹಿಡಿದಿದ್ದ ಅವರ ಹೆಂಡತಿ ಬಗ್ಗಿ ನೋಡಿದರು. “ಅಯ್ಯ, ಇದು ನನ್ನ ಬಾಟ್ಲಿ ಬಣ್ಣ! ಮನಿಯೆಲ್ಲಾ ಹುಡುಕಿದ್ದೆ. ಕೇಳಿದ್ರ, ನನಗೇನು ಗೊತ್ತು ಅಂದಿದ್ರು ನೋಡಪಾ!”

ನಗುತ್ತಲೇ ಕಣ್ಣೊರೆಸಿಕೊಂಡರು. ಹೊಸ ಡ್ಯುಪ್ಲೆಕ್ಸರನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಸಡಿಲಾಗಿದ್ದ ಒಂದು ಸ್ಕ್ರೂ ಹೊಂದಿಸಿದೆ. ಮೊಮ್ಮಗಳ ಗುಲಾಬಿ ಬಣ್ಣ ತಂದು ಅವರೇ ಹಚ್ಚಿದರು.

ಈಗ ಸೇಡಂನಿಂದ ನಾನು ರೇಡಿಯೊದಲ್ಲಿ ಆಡುವ ಪ್ರತಿ ಮಾತೂ ಆ ಕೆಂಪು, ಗುಲಾಬಿ ಬೊಟ್ಟುಗಳನ್ನು ದಾಟಿಯೇ ಮುಂದೆ ಹೋಗುತ್ತದೆ.