ಪಟ್ಟಿಯಲ್ಲಿಲ್ಲದ ಮಣ್ಣು

ಕಳೆದ ವಾರ ಕುಮಟಾ ಪೇಟೆಯ ಗೊಬ್ಬರದಂಗಡಿಗೆ ಹೋಗಿದ್ದೆ, ಅಂಗಳದ ನಾಲ್ಕು ತೆಂಗಿನ ಮರಕ್ಕೆ ಏನಾದರೂ ಹಾಕೋಣವೆಂದು. ಮಳೆಗೆ ಪಸೆಯೇರಿದ ಯೂರಿಯಾ ಚೀಲದ ಘಾಟು ಬಾಗಿಲಲ್ಲೇ ಮೂಗಿಗೆ ಬಡಿಯಿತು. ಅಂಗಡಿಯವ ಮೊಬೈಲು ತೆಗೆದು, "ನಿಮ್ದು ಎಂತ ಮಣ್ಣು?" ಎಂದ. ಆ ಘಾಟಿನಲ್ಲಿ ಆ ಪ್ರಶ್ನೆ ಕೇಳಿದ್ದೇ ನನಗೆ ಕಟ್ಟೆ ಅಜ್ಜ ನೆನಪಾದ...

ಅವನು ನಮ್ಮ ನೆರೆಮನೆಯವ. ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಅದರ ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೊಂದು ಹಲಗೆಯ ಬಾಗಿಲು. ಭರತ ಇಳಿತ ನೋಡಿಕೊಂಡು ಆ ಹಲಗೆ ಎತ್ತುವುದು ಇಳಿಸುವುದು ಅಜ್ಜನ ಕೆಲಸ. ಅಲ್ಲಿ ಬೆಳೆಯುವುದು ಉಪ್ಪಿಗೆ ಜಗ್ಗದ ಕಗ್ಗ ಭತ್ತ ಒಂದೇ. ಕೊಯ್ಲಿನ ಹೊತ್ತಿಗೆ ಅಜ್ಜ ಪ್ರತಿ ಮನೆಯ ಗದ್ದೆಗೂ ಇಳಿದು, ತಾನೇ ಆರಿಸಿ ಒಂದು ಬುಟ್ಟಿ ತೆನೆ ಕೊಯ್ದುಕೊಂಡು ಹೋಗುತ್ತಿದ್ದ. ಯಾವಾಗಲೂ ಒಳ್ಳೊಳ್ಳೆಯ ತೆನೆಯೇ. ಒಂಟಿ ಮುದುಕನಿಗೆ ಅಷ್ಟೊಂದು ಕಗ್ಗ ಯಾಕೆ ಬೇಕು? ಗುಟ್ಟಾಗಿ ಮಾರುತ್ತಾನೆ ಎಂದು ಅಮ್ಮನ ಗುಮಾನಿ. ನನಗೂ ಹಾಗೇ ಅನ್ನಿಸಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನಗೆ ಕುಮಟಾದ ರೈತರ ಮಾಹಿತಿ ಕೇಂದ್ರವೊಂದರಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಿತು. ಬೆಳೆ ಯಾವುದು, ಮಣ್ಣು ಯಾವುದು ಎಂದು ಪಟ್ಟಿಯಿಂದ ಆರಿಸಿದರೆ ಯಾವ ಗೊಬ್ಬರ ಎಷ್ಟೆಂದು ಅದು ಹೇಳುತ್ತಿತ್ತು. ಪ್ರಿಂಟರು ಕಿರ್ರೆಂದು ಚೀಟಿ ಕೊಟ್ಟಾಗಲೆಲ್ಲ ನನಗೆ ಅದನ್ನು ನಾನೇ ಬರೆದಷ್ಟು ಜಂಬ.

ಒಂದು ದಿನ ಅಜ್ಜ ಬಾಳೆ ಎಲೆಯ ಮೂರು ಪೊಟ್ಟಣ ಹಿಡಿದುಕೊಂಡು ಬಂದ. ಒಂದು ಗಜನಿಯ ಮಣ್ಣು, ಒಂದು ಗುಡ್ಡದ ಬದಿಯದು, ಇನ್ನೊಂದು ಕಡಲ ಬದಿಯದು ಎಂದ. ನನ್ನ ಪಟ್ಟಿಯಲ್ಲಿ ಗಜನಿ ಇರಲಿಲ್ಲ. ಇರಲಿ ಎಂದು ಅದಕ್ಕೆ 'ಜೇಡಿ' ಒತ್ತಿದೆ. ಉಳಿದೆರಡಕ್ಕೆ 'ಕೆಂಪು', 'ಮರಳು'. ಮೂರು ಚೀಟಿ ಬಂದವು.

"ಮೂರೂ ಬೇರೆ ಬೇರೆ ಹೌದನೇ?"

"ಮಣ್ಣು ಬೇರೆ ಅಲ್ದಾ ಅಜ್ಜಾ?"

"ಮೂರೂ ಒಂದೇ ಗುಂಡೀದು ತಂಗೀ. ನಿನ್ನ ಪೆಟ್ಗೆ ಮುಟ್ಲೂ ಇಲ್ಲ, ಮೂಸ್ಲೂ ಇಲ್ಲ. ನೀನೂ ಪೊಟ್ಣ ಬಿಚ್ಲಿಲ್ಲ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಸಿಟ್ಟು. ಕೊಯ್ದ ಮೇಲೆ ಗಜನಿಯಲ್ಲಿ ಉಳಿದ ಹುಲ್ಲು ಕೊಳೆತು ಸಿಗಡಿಗೆ ಮೇವಾಗುತ್ತದೆ, ಕಟ್ಟೆಯ ಬಾಗಿಲಲ್ಲಿ ಸಿಗಡಿ ಹಿಡಿಯುವವನೂ ಇವನೇ. ಗೊಬ್ಬರ ಬಂದರೆ ಸಿಗಡಿ ಹೋದೀತೆಂದು ಮುದುಕ ಆಟ ಕಟ್ಟಿದ್ದಾನೆ ಎಂದು ನಾನೇ ಅಪ್ಪನ ತಲೆ ತುಂಬಿಸಿದೆ. ಆ ಮಳೆಗಾಲ ನಮ್ಮ ಗದ್ದೆಗೆ ಚೀಟಿಯ ಪ್ರಕಾರ ಯೂರಿಯಾ ಬಿತ್ತು, ನನ್ನ ಕೈಯಿಂದಲೇ.

ಅಲ್ಲಿಯವರೆಗೆ ಆ ಗದ್ದೆಗೆ ಯಾರೂ ಏನೂ ಹಾಕಿದ್ದಿಲ್ಲ. ಹೊಳೆ ತಂದ ಕೆಸರೇ ಗೊಬ್ಬರ. ನಮ್ಮ ಕಗ್ಗ ಕಡುಹಸಿರಾಗಿ ಎಲ್ಲರದ್ದಕ್ಕಿಂತ ಎತ್ತರ ಎದ್ದಿತು. ಅಜ್ಜ ಕಟ್ಟೆಯ ಮೇಲೆ ನಿಂತು ನೋಡಿ, "ಬಣ್ಣ ಚಲೋ ಬಂದದೆ" ಎಂದಷ್ಟೇ ಹೇಳಿ ಹೋದ. ಹೊಟ್ಟೆಕಿಚ್ಚು ಎಂದುಕೊಂಡೆ. ತೆನೆ ಕಟ್ಟುವ ಹೊತ್ತಿಗೆ ಗಾಳಿ ಮಳೆ ಹೊಡೆಯಿತು. ಎಲ್ಲರ ಕಗ್ಗ ನಿಂತಿತ್ತು. ನಮ್ಮದು ಮಾತ್ರ ಮಗುಚಿ ನೀರಿನಲ್ಲಿ ಮಲಗಿ, ತೆನೆಯಲ್ಲೇ ಮೊಳಕೆ ಬಂತು. ಬೀಜಕ್ಕೆಂದು ಒಂದು ಹಿಡಿ ಉಳಿಯಲಿಲ್ಲ. ಕಗ್ಗದ ಬೀಜ ಅಂಗಡಿಯಲ್ಲಿ ಸಿಗುವುದಲ್ಲ. ಅಕ್ಕಪಕ್ಕದವರ ಹತ್ತಿರ ಅವರವರ ಗದ್ದೆಗಾಗುವಷ್ಟೇ. ಮುತ್ತಜ್ಜನ ಕಾಲದಿಂದ ಮನೆಯಲ್ಲಿದ್ದ ಬೀಜವನ್ನು ನಾನು ಒಂದು ಚೀಟಿಯಲ್ಲಿ ಮುಗಿಸಿದ್ದೆ.

ಮುಂದಿನ ಬಿತ್ತನೆ ಬಂತು. ಅಜ್ಜನ ಬುಟ್ಟಿಯ ಕಗ್ಗ ಕೇಳಲು ಅಪ್ಪ ಒಪ್ಪಲಿಲ್ಲ. ನಾನೇ ಅಜ್ಜನ ಮನೆಗೆ ಹೋದೆ.

"ಪೆಟ್ಗೆ ಕೇಳಿ ಬಂದ್ಯನೇ?" ಎಂದ. ಬೀಜ ಬೇಕಿತ್ತು ಎಂದು ಕೈಯೊಡ್ಡಿದೆ. "ಗೊಬ್ಬರ ಹಾಕಿದ ಕೈ ಅದು. ತೊಳ್ಕಂಡು ಬಾ."

ನನ್ನ ಮೇಲೆ ಅವನಿಗೂ ಗುಮಾನಿ! ಕೈ ತೊಳೆದು ಬಂದು ನೋಡಿದರೆ ಅಟ್ಟದ ತುಂಬ ಹುಲ್ಲು ಹೆಣೆದು ಕಟ್ಟಿದ ಬೀಜದ ಮುಡೆಗಳು. ಅಜ್ಜನಿಗೆ ಓದು ಬರಹ ಇರಲಿಲ್ಲ. ಒಂದಕ್ಕೆ ಚಿಪ್ಪು, ಒಂದಕ್ಕೆ ಬಟ್ಟೆಯ ಚೂರು, ಹೀಗೆ ಮನೆಗೊಂದು ಗುರುತು. ಅವನು ಇಳಿಸಿಕೊಟ್ಟ ಮುಡೆಗೆ ಕಟ್ಟಿದ್ದು ಶಾಲೆಗೆ ಹೋಗುವಾಗ ನಾನು ಎಲ್ಲೋ ಕಳೆದುಕೊಂಡಿದ್ದ ಕೆಂಪು ರಿಬ್ಬನ್ನು.

"ನಿಮ್ದೇ. ಆಚೆ ವರ್ಷದ್ದು, ಮೊಳಕೆ ಸ್ವಲ್ಪ ಕಮ್ಮಿ ಬಂದೀತು" ಎಂದ.

ವರ್ಷವರ್ಷವೂ ನಾವು ಗೊಣಗಿದ ಬುಟ್ಟಿ ಅದು. ಹಳೆಯದನ್ನು ಕುಟ್ಟಿ ಉಣ್ಣುತ್ತಿದ್ದ, ಹೊಸದನ್ನು ನಮಗಾಗಿ ಕಟ್ಟಿಡುತ್ತಿದ್ದ. ತಪ್ಪಾಯ್ತು ಅಜ್ಜಾ ಎನ್ನಲು ಬಾಯಿ ಬರಲಿಲ್ಲ. ಆಮೇಲೂ ಹೇಳಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಕೆಲವು ವರ್ಷಕ್ಕೆ ಅಜ್ಜ ತೀರಿಕೊಂಡ. ಬುಟ್ಟಿ ಹಿಡಿದು ಯಾರೂ ಬರಲಿಲ್ಲ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಇಷ್ಟೆಲ್ಲ ಗೊತ್ತಿದ್ದೂ ಒಂದು ಬುಟ್ಟಿ ಉಳಿಯಿತೆಂದು ಮನೆಮಂದಿಯೆಲ್ಲ ಖುಷಿಪಟ್ಟೆವು. ಮತ್ತೊಂದು ಮಳೆಗಾಲ ಕಟ್ಟೆ ಒಡೆದು ಎಲ್ಲರ ಬೆಳೆಯೂ ಹೋಯಿತು. ಬಿತ್ತನೆಗೆ ಒಬ್ಬರ ಮುಖ ಒಬ್ಬರು ನೋಡಿದೆವು... ಅಜ್ಜನ ಅಟ್ಟದಲ್ಲಿ ಇಲಿ ಕಚ್ಚಿದ ಹುಲ್ಲು ಮಾತ್ರ ಇತ್ತು.

"ಮರಳು ಅಂತ ಒತ್ಲಾ?" ಅಂಗಡಿಯವ ಕೇಳಿದ. ಮೊಬೈಲು ಇಸಿದುಕೊಂಡು ಮಣ್ಣಿನ ಪಟ್ಟಿಯನ್ನು ಎರಡು ಸಲ ನೋಡಿದೆ. ಪಟ್ಟಿ ಈಗ ಉದ್ದವಾಗಿದೆ. ಗಜನಿ ಇಲ್ಲ. ಇನ್ನು ಸೇರಿಸಿದರೂ ಅಲ್ಲಿ ಬಿತ್ತಲು ನಮ್ಮ ಹತ್ತಿರ ಬೀಜವಿಲ್ಲ.